ಗಿಡದ ಕೆಳಗೆ ನಿಂತ ಮುತ್ಯಾ

ಇತಿಹಾಸ ಕಲಿಸುವ ಮಾಸ್ತರರಿಗೆ ಒಂದು ಕೆಟ್ಟ ಚಟವಿರುತ್ತದೆ. ಉತ್ತರ ಗೊತ್ತಿಲ್ಲದ ಪ್ರಶ್ನೆ ಬಂದರೆ ಸುಮ್ಮನಿರುವುದಿಲ್ಲ, ಇನ್ನಷ್ಟು ವಿಸ್ತಾರವಾಗಿ ಹೇಳುತ್ತಾರೆ. ನನಗೂ ಅದು ಅಂಟಿದೆ. ಸಾಲೆಯಲ್ಲಿ ಮಕ್ಕಳು ತೂಕಡಿಸಿ ನನ್ನ ಮಾನ ಉಳಿಸುತ್ತಾರೆ; ಮನೆಯಲ್ಲಿ ಆ ಸೌಕರ್ಯವಿಲ್ಲ.

ಅರವತ್ತರ ದಶಕದ ಆರಂಭ. ನಾವು ಬಿಜಾಪುರದ ಅಥಣಿ ರಸ್ತೆಯಲ್ಲಿ ಮನೆ ಮಾಡಿದ ಹೊಸತು. ಒಂದು ರವಿವಾರ ನನ್ನ ಮಾವನವರು ಹಳೆಯ ಚಿತ್ರವೊಂದನ್ನು ಧೋತರದಲ್ಲಿ ಸುತ್ತಿಕೊಂಡು, ಸಾರವಾಡದಲ್ಲಿ ಬಸ್ಸು ಹತ್ತಿದವರಿಗೆಲ್ಲ ಬಿಚ್ಚಿ ತೋರಿಸುತ್ತ, ಬಬಲೇಶ್ವರದಿಂದ ಬಂದರು. ಮಸಿಯ ಗೆರೆಗಳಲ್ಲಿ ಬರೆದದ್ದು: ಒಂದು ಗಿಡ, ಅದರ ಕೆಳಗೆ ದೊಡ್ಡ ರುಮಾಲಿನ ಗಂಡಸು, ಕೈಯಲ್ಲಿ ಎಲೆಗಳ ಟೊಂಗೆ, ಮುಖ ತುಸು ಓರೆ. ಅವರ ಮನೆತನದ ಹಿರಿಯರಂತೆ. ರುಮಾಲನ್ನೂ ಕಾಗದವನ್ನೂ ನೋಡಿ ನಾನು "ಹದಿನೆಂಟನೆಯ ಶತಮಾನ" ಎಂದೆ. ಆ ಶತಮಾನದವರು ಯಾರೂ ಅಲ್ಲಿರಲಿಲ್ಲವಾದ್ದರಿಂದ ನನ್ನ ಮಾತೇ ನಡೆಯಿತು.

"ಅಳಿಯಂದ್ರ, ಈ ಮುತ್ಯಾ ಏನ್ ಮಾಡಾಕತ್ತಾನ, ನನಗ ಒಪ್ಪುವಂಗ ಹೇಳ್ರಿ. ಪಟಾ ನಿಮ್ಮ ಪಡಸಾಲ್ಯಾಗ ಇರ್ಲಿ. ಇಲ್ಲಂದ್ರ ತಿಕೋಟಾದ ಸಣ್ಣ ಅಳಿಯಾಗ ಕೊಡ್ತೇನಿ," ಎಂದರು ಮಾವನವರು.

ತಿಕೋಟಾದ ನನ್ನ ಷಡ್ಡಕ ಆಗಲೇ ರೇಡಿಯೋ ತಂದು ನನ್ನನ್ನು ಸಣ್ಣವನನ್ನಾಗಿ ಮಾಡಿದ್ದ. ಈ ಚಿತ್ರವೂ ಅವನ ಪಾಲಾದರೆ ನಾನು ಓದಿದ್ದೆಲ್ಲ ದಂಡ! ಶುರು ಮಾಡಿದೆ. ನಿಸರ್ಗದ ಮಡಿಲಲ್ಲಿ ಏಕಾಂತ, ಬಾಗಿದ ಟೊಂಗೆಯೇ ವಿರಹ, ಓರೆ ಮುಖವೆಂದರೆ ಬಾರದ ಪ್ರೇಯಸಿಯ ದಾರಿ ಕಾಯುವುದು... ನನಗೇ ಕಣ್ಣು ತೇವವಾಗುವಷ್ಟು ಚೆನ್ನಾಗಿತ್ತು. ಮಾವನವರು ಮೂಗಿಗೆ ತಪಕೀರು ಏರಿಸಿ ಜೋರಾಗಿ ಸೀನಿದರು.

"ನಮ್ಮ ಮನಿತನದಾಗ ಹಂಗ ಯಾರೂ ಗಿಡದ ಕೆಳಗ ಕಾದು ನಿಂತಿಲ್ರಿ. ಅದು ಬನ್ನಿ ಗಿಡ. ದಾಯಾದ್ಯಾರಿಗೆ ಬಂಗಾರ ಕೊಡಾಕ ಹೊಂಟಾನ ಅಂತ ನಮ್ಮಪ್ಪ ಹೇಳ್ತಿದ್ದ. ಆದ್ರ ಮಾರಿ ಯಾಕ ಹಿಂಗ ಮಾಡ್ಯಾನ, ಅದೊಂದು ತಿಳಿವಲ್ದು."

ದಸರೆಯಲ್ಲಿ ನಮ್ಮ ಕಡೆ ಬನ್ನಿ ಎಲೆಯೇ ಬಂಗಾರ. ಕೊಟ್ಟು ತೆಗೆದುಕೊಂಡರೆ ಹಳೆಯ ಮುನಿಸು ಮುಗಿಯಿತು. ಹಾಗೆ ಹೊರಟವನ ಮುಖ ಅರಳಿರಬೇಕು, ಇವನದು ಬಾಡಿತ್ತು. ಅದನ್ನೂ ವಿವರಿಸೋಣವೆಂದು ನಾನು ಗಂಟಲು ಸರಿಪಡಿಸಿಕೊಳ್ಳುವಷ್ಟರಲ್ಲಿ ಹೆಂಡತಿ ಚಹಾ ತಂದಳು. ಚಿತ್ರದ ಕಡೆ ಒಮ್ಮೆ ಕಣ್ಣು ಹಾಯಿಸಿದಳು.

"ಯಪ್ಪಾ, ಇದರಾಗ ತಿಳಿಯಾಕ ಏನೈತಿ? ಹೇಂತಿ ಕೊತ್ತಂಬರಿ ತಾ ಅಂತ ಕಳಿಸ್ಯಾಳ. ಇವ ಕರಿಬೇವು ತಂದಾನ. ಮನಿ ಮುಂದ ಬಂದಮ್ಯಾಗ ನೆನಪಾಗೇತಿ. ಒಳಗ ಬರಾಕ ಅಂಜಿ ನಿಂತಾನ."

ಮಾವನವರು ಚಿತ್ರವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಹೌದಲ್ಲಬೇ ಯವ್ವಾ! ಅಂಜಿಕಿನ ಅದು!" ಎಂದು ಕೆಮ್ಮು ಬರುವ ತನಕ ನಕ್ಕರು. "ನಿಮ್ಮವ್ವ ಸಂತಿಗೆ ಕಳಿಸಿದಾಗ ನಂದೂ ಮಾರಿ..." ಎಂದವರು, ಅಳಿಯ ಎದುರಿಗಿದ್ದಾನೆಂದು ನೆನಪಾಗಿ, ಉಳಿದ ಮಾತನ್ನು ಚಹಾದ ಜೊತೆ ನುಂಗಿದರು.

ಚಿತ್ರ ನಮ್ಮ ಪಡಸಾಲೆಯಲ್ಲೇ ಉಳಿಯಿತು. ಗೆದ್ದವನು ನಾನೇ ಎಂದು ತಿಕೋಟಾದಲ್ಲಿ ಸುದ್ದಿಯಾಗಿದೆ, ನಾನೂ ಅಲ್ಲಗಳೆದಿಲ್ಲ. ಬಂದವರಿಗೆ ಅರ್ಥ ಹೇಳುವ ಕೆಲಸ ಮಾತ್ರ ಹೆಂಡತಿಯದು. ಗಂಡಸರು ಚಿತ್ರ ನೋಡಿ ನಗುತ್ತಾರೆ. ಹೆಂಗಸರು ಚಿತ್ರ ನೋಡಿ, ಆಮೇಲೆ ನನ್ನ ಮುಖ ನೋಡಿ ನಗುತ್ತಾರೆ.