ಅನುಮೋದನೆಗೆ ಕಾದಿದೆ

ನಮ್ಮ ಭಾವನ ಜೇಬಿನಲ್ಲಿ ಎರಡು ಫೋನುಗಳಿವೆ. ಯಾವುದಕ್ಕೆ ಬೇಕಾದರೂ ಮಾಡಿ ನೋಡಿ, ಭಾವ ಸಿಗುವುದಿಲ್ಲ!

ದೊಡ್ಡ ಫೋನಿನಲ್ಲಿ ಅವರು ಸದಾ ತಮ್ಮ ವೆಬ್‌ಸೈಟು ತಿದ್ದುತ್ತಿರುತ್ತಾರೆ, ಹಾಗಾಗಿ ಎತ್ತುವುದಿಲ್ಲ. ಇನ್ನೊಂದು ಗುಂಡಿ ಒತ್ತುವ ಹಳೆಯ ಫೋನು. ನೀಲಿ ಬಟ್ಟೆಯ ಚೀಲದೊಳಗೆ ಲಾಡಿ ಬಿಗಿದುಕೊಂಡು ಮಲಗಿರುತ್ತದೆ. ಆ ಚೀಲದ ಹೊಲಿಗೆಯನ್ನು ನಮ್ಮ ಕಾನ್ವೆಂಟಿನ ಸಿಸ್ಟರ್ ಕಂಡಿದ್ದರೆ ಪೂರ್ತಿ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದರು.

“ಅಣ್ಣ, ಆ ಡಬ್ಬಿಗೆ ಎಂತಕ್ಕೆ ರೀಚಾರ್ಜು ಮಾಡಿಸ್ತೆ? ಯಾರೂ ಫೋನ್ ಮಾಡ್ತ್ವಿಲ್ಲೆ,” ಎಂದು ನನ್ನ ಯಜಮಾನರು ತಮ್ಮ ಅಣ್ಣನನ್ನು ಕೆಣಕುವುದುಂಟು.

“ಅದು ಆಫೀಸಿಂದು. ಮುಟ್ಟಡ.”

ಆಫೀಸು ಎಂದರೆ ಶಿರಸಿಯಲ್ಲಿರುವ ಭಾವನ ಸಣ್ಣ ಪ್ರೆಸ್ಸು. ಮದುವೆ, ಉಪನಯನ, ವೈಕುಂಠ ಸಮಾರಾಧನೆ, ಎಲ್ಲದರ ಕರೆಯೋಲೆಯೂ ಅಲ್ಲೇ. ಅಚ್ಚು ಹಾಕುವವರು ಭಾವ, ಪ್ರೂಫ್ ನೋಡುವವರು ಅವರ ಹೆಂಡತಿ. ಆಕೆಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಬರೆದವನೇ ಪ್ರೂಫ್ ನೋಡಬಾರದು ಎಂಬುದು ಅಕ್ಕನ ಕಟ್ಟಳೆ. ಆಕೆ ಹೂಂ ಎನ್ನದೆ ಒಂದು ಹಾಳೆಯೂ ಹೊಸ್ತಿಲು ದಾಟುವಂತಿರಲಿಲ್ಲ. ಒಮ್ಮೆ ಒಂದೇ ಮದುವೆಗೆ ಗಂಡಿನ ಕಡೆಯವರು ಸಿದ್ದಾಪುರದ ಛತ್ರವನ್ನೂ, ಹೆಣ್ಣಿನ ಕಡೆಯವರು ಯಲ್ಲಾಪುರದ ಛತ್ರವನ್ನೂ ಬರೆದುಕೊಟ್ಟಿದ್ದರು. ಭಾವ ಎರಡನ್ನೂ ಭಕ್ತಿಯಿಂದ ಜೋಡಿಸಿಟ್ಟಿದ್ದರು. ಅಕ್ಕ ಬೀಗರಿಗೆ ಫೋನು ಮಾಡಿ ಕೇಳಿದ್ದು ಒಂದೇ ಮಾತು: “ತಾಳಿ ಕಟ್ಟುದು ಎಲ್ಲಿ, ದಾರಿ ಮೇಲಾ?”

ಆಮೇಲೆ ಕರೆಯೋಲೆಗಳಲ್ಲಿ ಹೆಚ್ಚಿನವು ವಾಟ್ಸಾಪಿಗೆ ಹಾರಿದವು. ಭಾವ ಎದೆಗುಂದದೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲ್ಲೂಕಿಗೆಂದು ವೆಬ್‌ಸೈಟು ತೆರೆದರು. ಯಾರ ಮನೆಯಲ್ಲಿ ಏನು ಕಾರ್ಯ, ಎಲ್ಲಿ ತಾಳಮದ್ದಲೆ, ಯಾರ ಎಮ್ಮೆ ಕಳೆದಿದೆ, ಯಾರು ತೀರಿಕೊಂಡರು, ಎಲ್ಲವೂ ಅದರಲ್ಲಿ. ಬರಹವನ್ನು ಒಳಗೆ ಹಾಕಿ, ತಿದ್ದಿ, ಹೊರಗೆ ಬಿಡುವುದಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎಂಬ ಒಂದು ವ್ಯವಸ್ಥೆ ಇರುತ್ತದೆ. ಅದರಲ್ಲಿ ಯಾರಿಗೆ ಎಷ್ಟು ಅಧಿಕಾರ ಎಂದು ಮೊದಲೇ ಹೇಳಬೇಕು. ಭಾವ ತಮ್ಮನ್ನು ‘ಬರಹಗಾರ’ ಎಂದು ಹಾಕಿಕೊಂಡು, ಅಕ್ಕನನ್ನು ‘ಮುಖ್ಯಸ್ಥೆ’ ಮಾಡಿದರು. ಭಾವ ಬರೆದದ್ದು ‘ಅನುಮೋದನೆಗೆ ಕಾದಿದೆ’ ಎಂಬ ಹಣೆಪಟ್ಟಿ ಹೊತ್ತು ಕೂರುತ್ತಿತ್ತು. ಅಕ್ಕ ಒಗ್ಗರಣೆ ಮುಗಿಸಿ, ಕೈ ಒರೆಸಿಕೊಂಡು ಬಂದು ಒತ್ತಿದರೆ ಮಾತ್ರ ಲೋಕಕ್ಕೆ ದರ್ಶನ.

ಇದರಿಂದ ಒಬ್ಬರ ಮಾನ ಉಳಿದಿದೆ. ಸಿದ್ದಾಪುರದ ಅಜ್ಜನೊಬ್ಬರು ಆಸ್ಪತ್ರೆಯಲ್ಲಿ ತೀರಾ ಗಂಭೀರವಾಗಿದ್ದಾಗ, ಭಾವ ಮುಂದಾಲೋಚನೆಯಿಂದ ನಿಧನ ವಾರ್ತೆಯನ್ನು ಬರೆದೇ ಇಟ್ಟಿದ್ದರು. ಅಕ್ಕ ಒತ್ತಲೇ ಇಲ್ಲ. “ಅಜ್ಜ ಇನ್ನೂ ಪ್ರೂಫ್ ನೋಡಿದ್ನಿಲ್ಲೆ,” ಎಂದರು. ಅಜ್ಜ ಗುಣವಾಗಿ, ಸುದ್ದಿ ಹೇಗೋ ಕಿವಿಗೆ ಬಿದ್ದು, ಪ್ರೆಸ್ಸಿಗೇ ಬಂದರು. ಕನ್ನಡಕ ಏರಿಸಿ ಪೂರ್ತಿ ಓದಿದರು. “ಬರದ್ದು ಚೊಲೊ ಇದ್ದು. ಫೋಟೊ ಬದಲ್ಸು ಮಾರಾಯ, ಶಾಲು ಹೊದ್ದಿದ್ದು ಒಂದು ಇದ್ದು.”

ಆ ಅಜ್ಜ ಈಗಲೂ ಇದ್ದಾರೆ. ಅಕ್ಕ ಇಲ್ಲ. ಮೂರು ವರ್ಷದ ಹಿಂದೆ ಒಂದು ಜ್ವರ ಬಂತು, ಹೋಗಿಬಿಟ್ಟರು.

ಭಾವ ಮಾತ್ರ ಮೊದಲಿನಂತೆಯೇ ಬರೆಯುತ್ತಾರೆ, ಇನ್ನಷ್ಟು ವಕ್ರವಾಗಿದ್ದಾರೆ. ಊಟಕ್ಕೆ ಬರುತ್ತೀರಾ ಎಂದರೆ “ಕರಡು ಹಂತದಲ್ಲಿದ್ದು” ಎನ್ನುತ್ತಾರೆ. ನಾನು ಒಂದೆಲಗದ ತಂಬುಳಿಗೆ ಏನೋ ಹೊಸದು ಸೇರಿಸಿದರೆ “ಹಿಂದಿನ ಆವೃತ್ತಿಯೇ ಇರ್ಲಿ ತಂಗಿ” ಎನ್ನುತ್ತಾರೆ. ಇಂಥವರೊಡನೆ ಜಗಳವಾಡುವುದಾದರೂ ಹೇಗೆ?

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿ ಇಂಥ ವೆಬ್‌ಸೈಟು ವ್ಯವಸ್ಥೆಗಳದ್ದೇ ಒಂದು ಸಮ್ಮೇಳನವಿತ್ತು. ಹೊಸತೇನು ಬಂದಿದೆ ಎಂದು ಬಲ್ಲವರು ಬಂದು ಹೇಳುವುದು. ಎಲ್ಲ ಇಂಗ್ಲಿಷು. ಇಷ್ಟು ವರ್ಷ ಔಷಧಿ ಡಬ್ಬಿ ಓದುವುದಕ್ಕಷ್ಟೇ ಒದಗಿದ್ದ ನನ್ನ ಕಾನ್ವೆಂಟ್ ಇಂಗ್ಲಿಷಿಗೆ ಅಂತೂ ಭಾವನಿಂದ ಕರೆ ಬಂತು. ದಾರಿಯಲ್ಲಿ ಯಲ್ಲಾಪುರದಲ್ಲಿ ಒಂದು ಕಟ್ಟು ಕರೆಯೋಲೆ ಇಳಿಸಿ, ಚಾ ಕುಡಿದು ಹೋದೆವು.

ಸಭೆಯಲ್ಲಿ ಒಬ್ಬರು, ಇನ್ನು ಮುಂದೆ ಸುದ್ದಿಯನ್ನು ಯಂತ್ರವೇ ಬರೆಯುತ್ತದೆ, ತಲೆಬರಹವನ್ನೂ ಅದೇ ಕೊಡುತ್ತದೆ ಎಂದರು. ನಾನು ಪಿಸುಗುಟ್ಟಿ ಕನ್ನಡಕ್ಕೆ ತಂದೆ.

“ಎಮ್ಮೆ ಹುಡುಕಿ ಕೊಡ್ತಡ?” ಎಂದರು ಭಾವ.

“ಅದು ಹೇಳಿದ್ವಿಲ್ಲೆ.”

“ಹಂಗಾರೆ ಮುಂದಿಂದು ನೋಡನ.”

ಮುಂದೆ ಬಂದವಳು ಹುಬ್ಬಳ್ಳಿಯ ಹುಡುಗಿ. ಸುರಕ್ಷತೆಯ ವಿಷಯ. ಕೆಲಸದಲ್ಲಿ ಇಲ್ಲದವರ ಖಾತೆಗಳನ್ನು ಇಟ್ಟುಕೊಳ್ಳಬೇಡಿ, ಕಳ್ಳರು ಬರುವುದೇ ಆ ಬಾಗಿಲಿನಿಂದ, ಹೊಸ ಆವೃತ್ತಿ ಅಂಥವನ್ನು ತಾನೇ ಅಳಿಸುತ್ತದೆ ಎಂದಳು. ನಾನು ಕನ್ನಡಕ್ಕೆ ತರುತ್ತಿದ್ದಂತೆಯೇ ಭಾವ ಎದ್ದು ನಿಂತರು. ಮೈಕು ಬಂತು.

“ನಮ್ಮ ಮುಖ್ಯಸ್ಥರು ಮೂರು ವರ್ಷದಿಂದ ಆಫೀಸಿಗೆ ಬರ್ತಾ ಇಲ್ಲ. ಖಾತೆ ತೆಗೀಲೇಬೇಕಾ?”

ಸಭೆಯೆಲ್ಲ ನಕ್ಕಿತು. ಹುಡುಗಿಯೂ ನಕ್ಕು ಕನ್ನಡಕ್ಕೆ ಇಳಿದಳು. “ಕೆಲಸಾ ಬಿಟ್ಟು ಹೋಗ್ಯಾರೇನ್ರಿ ಸರ್?”

ಭಾವ ಮೈಕನ್ನು ಒಮ್ಮೆ ನೋಡಿದರು. “ಕೆಲಸ ಬಿಟ್ಟಿಲ್ಲ.”

“ಹಂಗಾರ ಅವರ ಫೋನಿಗೆ ಒಂದು ನಂಬರ್ ಬರ್ತೈತ್ರಿ. ಅದನ್ನ ಹಾಕಿದ್ರ ಖಾತೆ ಉಳೀತೈತಿ. ಇಲ್ಲಾಂದ್ರ ಹೋಗ್ತೈತ್ರಿ.”

ಊಟಕ್ಕೆ ಬಿಟ್ಟರು. ಎಲ್ಲರೂ ತಟ್ಟೆಯ ಕಡೆ ನುಗ್ಗಿದರು. ಭಾವ ಕುಳಿತೇ ಇದ್ದರು. ನನಗೆ ಆಗಷ್ಟೇ ಹೊಳೆದದ್ದು.

“ಭಾವ, ಅಕ್ಕ ಹೋದ್ಮೇಲೆ ಅನುಮೋದನೆ ಒತ್ತುದು ಯಾರು?”

“ಬರದಾದ್ಮೇಲೆ ಒಂದು ಚಾ ಕುಡೀತೆ,” ಎಂದರು, ಲೆಕ್ಕದ ಪಾಠ ಹೇಳುವವರ ಹಾಗೆ. “ಮತ್ತೆ ನಿನ್ನಕ್ಕನ ಕುರ್ಚಿ ಮೇಲೆ ಕೂತ್ಕಂಡು, ಅದರ ಹೆಸರಲ್ಲಿ ಒಳಗೆ ಹೋಗಿ ನೋಡ್ತೆ. ಕೆಲವು ಸಲ ವಾಪಸ್ಸೂ ಬತ್ತು.”

“ವಾಪಸ್ಸು? ನಿಮ್ಮದನ್ನ ನೀವೇ?”

“ಆನು ಅಲ್ಲ. ಅದು ಕಳಸ್ತು.”

ದೊಡ್ಡ ಫೋನಿನಲ್ಲಿ ಹೊಸ ಆವೃತ್ತಿಯನ್ನು ಹಾಕಿದರು. ನೀಲಿ ಚೀಲದ ಲಾಡಿ ಬಿಚ್ಚಿ ಹಳೆಯ ಫೋನನ್ನು ಮೇಜಿನ ಮೇಲಿಟ್ಟರು. ಖಾಲಿ ಚೀಲ ನನ್ನ ಕೈಯಲ್ಲಿತ್ತು. ಅಕ್ಕ ಪ್ರೆಸ್ಸಿಗೆ ಬರುವಾಗ ತೊಡುತ್ತಿದ್ದ ರವಿಕೆಯ ತೋಳು ಅದು. ಅಂಚಿನ ಬಿಳಿ ಗೆರೆ ಹಾಗೆಯೇ ಇದೆ. ಭಾವನ ಹೊಲಿಗೆಯ ಬಗ್ಗೆ ಆಡಿದ್ದನ್ನೆಲ್ಲ ವಾಪಸ್ಸು ತೆಗೆದುಕೊಂಡೆ.

ಹಳೆಯ ಫೋನು ಸುಮ್ಮನೆ ಬಿದ್ದಿತ್ತು. ಸಾರಿನ ಬಕೆಟ್ಟಿನ ಸದ್ದು ಕೇಳುತ್ತಿತ್ತು, ಯಾರೋ ಇನ್ನೊಂದು ಹಪ್ಪಳ ಕೇಳುತ್ತಿದ್ದರು. ಭಾವ ಅಂಗಿಯ ಗುಂಡಿ ಸರಿಮಾಡಿಕೊಂಡರು, ಯಾರೋ ನೋಡುತ್ತಾರೇನೋ ಎಂಬಂತೆ.

ಫೋನು ಎರಡು ಸಲ ಕಿಣಿಗುಟ್ಟಿತು.

ಭಾವ ಅಂಕಿಗಳನ್ನು ನಿಧಾನವಾಗಿ ಒತ್ತಿದರು. ಫೋನನ್ನು ಒರೆಸಿ ಚೀಲಕ್ಕೆ ಹಾಕಿ, ಲಾಡಿ ಬಿಗಿದು, ಜೇಬಿಗಿಟ್ಟರು.

“ಒಪ್ಗೆ ಬಂತು ತಂಗಿ,” ಎಂದರು. “ಊಟಕ್ಕೆ ಹೋಪನ.”