ಸಾಹೇಬರು ಕೇಳಿದ ಎರೆಭೂತ

ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಔರಾದ ತಾಲೂಕಿನ ಮುಂದೆ ಒಂದು ಘನವಾದ ಪ್ರಶ್ನೆ ಬಂದು ನಿಂತಿತು. ನಿಜಾಮರ ಸಂಸ್ಥಾನ ಏನಾದೀತು, ಕಚೇರಿಯ ಉರ್ದು ಉಳಿದೀತೇ ಎಂಬಂಥ ಚಿಲ್ಲರೆ ಪ್ರಶ್ನೆಯಲ್ಲ. ಬೀದರದಿಂದ ಬಂದ ಕಾಗದದಲ್ಲಿ ಹೀಗಿತ್ತು: ನಿಮ್ಮಲ್ಲಿ ಎರೆಭೂತ ಇದೆಯೇ, ಎಷ್ಟು, ಎಲ್ಲಿ? ಕಲೆಕ್ಟರ್ ಸಾಹೇಬರು ಇಂದು ಸಂಜೆ ಖುದ್ದಾಗಿ ಬರುತ್ತಾರೆ.

ಎರೆಭೂತ ದೆವ್ವವಲ್ಲ. ಎರೆಹೊಲದ ಬಯಲಿನಲ್ಲಿ ತಹಸೀಲ್ದಾರರ ಗತ್ತಿನಿಂದ ಕತ್ತೆತ್ತಿ ಅಡ್ಡಾಡುವ, ಸೊಂಟದೆತ್ತರದ ಹಕ್ಕಿ.

ತಹಸೀಲ ಕಚೇರಿಯ ಕಾಗದಪತ್ರ ನೋಡುವ ಪೇಶಕಾರ ಗುಲಾಮ ರಸೂಲರ ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಸಾಹೇಬರೂ ಹಕ್ಕಿಯ ಕ್ಷೇಮ ವಿಚಾರಿಸಿರಲಿಲ್ಲ. ಹಕ್ಕಿ ಎಷ್ಟಿವೆ ಎಂದು ಮೇಲಿನವರು ಕೇಳಿದರೆ, ಒಲೆಗೆ ಪಾತ್ರೆ ಇಡಿ ಎಂದೇ ಅರ್ಥ. ಕಾರ್ಯಾಚರಣೆಯಾದ ಮೇಲೆ ಠಾಣೆಯಲ್ಲಿ ಜಮಾ ಆಗಿದ್ದ ಬಂದೂಕುಗಳಲ್ಲಿ ಒಂದನ್ನು ಅವರು ಒಂದು ದಿನದ ಮಟ್ಟಿಗೆ ಬಿಡಿಸಿ ತಂದರು. ಮಾಂಸದ ವಾಸನೆಗೇ ಓಣಿ ಬದಲಿಸುವ ಕಿರಾಣಿ ಮಲ್ಲಿಕಾರ್ಜುನಪ್ಪ, ಊರ ಮಾನದ ಪ್ರಶ್ನೆಯೆಂದು ಮಸಾಲೆ ಕಳಿಸಿದ. ಕಡಿಮೆ ಬಿದ್ದದ್ದು ಹಕ್ಕಿ ಮಾತ್ರ.

ಅದರ ಠಿಕಾಣಿ ಗೊತ್ತಿದ್ದವನು ನಕಲು ಬರೆಯುವ ಹಂಗಾಮಿ ಕಾರಕೂನ ಮಡೆಪ್ಪ ಒಬ್ಬನೇ. ಹೊಸ ಸರಕಾರದಲ್ಲಿ ರಜೆ ಶುಕ್ರವಾರದಿಂದ ರವಿವಾರಕ್ಕೆ ಬದಲಾದರೂ, ರಜೆಯ ದಿನ ಹಕ್ಕಿ ನೋಡಲು ಬಯಲಿಗೆ ಹೋಗುವ ಅವನ ಚಾಳಿ ಬದಲಾಗಿರಲಿಲ್ಲ.

"ಮಡೆಪ್ಪಾ, ಹಕ್ಕಿ ಇಲ್ಲಂತೀ ಏನು?"

"ಅವ ರೀ, ಪೇಶಕಾರ ಸಾಬ. ಮೂರ ಅವ. ಎಲ್ಲಿ ಅಂತ ಹೇಳಂಗಿಲ್ರಿ."

"ನಿನ್ನ ನೌಕರಿ ಕಾಯಂ ಮಾಡೋರು ಆ ಸಾಹೇಬರೇ, ತಿಳಕೋ."

"ನಾ ಹಂಗಾಮಿನೇ ಇರ್ತೇನ್ರಿ. ಹಕ್ಕಿ ಕಾಯಂ ಇರಲಿ."

ಅಷ್ಟರಲ್ಲಿ ಮಲ್ಲಿಕಾರ್ಜುನಪ್ಪ ಮಡೆಪ್ಪನ ಮನೆಗೇ ಹೋಗಿ, ಅವನ ಹೆಂಡತಿ ಗುಂಡಮ್ಮನ ಸುಖದುಃಖ ವಿಚಾರಿಸಿದ್ದ. ಗಂಡನ ಧೋತರದಿಂದ ವಾರವಾರವೂ ಮುಳ್ಳು ಕೀಳುವುದೇ ತನ್ನ ದುಃಖ ಎಂದು ಆಕೆ ತೋಡಿಕೊಂಡಳು. ಆ ಜಾತಿಯ ಮುಳ್ಳು ದೇಗಲೂರ ದಾರಿಯ ಬಯಲಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲವೆಂದು ಔರಾದಿನ ಎತ್ತುಗಳಿಗೂ ಗೊತ್ತು. ಸುದ್ದಿ ಮುಟ್ಟಿದೊಡನೆ ಪೇಶಕಾರರು ಬಂಡಿ ಹೂಡಿಸಿದರು.

ಮಡೆಪ್ಪ ಅಡ್ಡದಾರಿ ಹಿಡಿದು ಓಡಿದ. ಬಯಲಿನಲ್ಲಿ ಮೂರೂ ಹಕ್ಕಿಗಳು ನಿಶ್ಚಿಂತೆಯಾಗಿ ಮಿಡತೆ ಮೇಯುತ್ತಿದ್ದವು. ಚಪ್ಪಾಳೆ ತಟ್ಟಿದ. ಹನ್ನೊಂದು ವರ್ಷದ ಪರಿಚಯ. ಅವು ಲಕ್ಷ್ಯ ಕೊಡಲಿಲ್ಲ. ರುಮಾಲು ಬಿಚ್ಚಿ ಬೀಸಿದ. ಗಂಡುಹಕ್ಕಿ ಕಮ್ಮಾರನ ತಿದಿಯಂತೆ ಕೊರಳುಬ್ಬಿಸಿ ಅವನ ಮೇಲೆಯೇ ಬಂತು. ಮಡೆಪ್ಪ ಹಿಂದೆ ಸರಿಯಲಿಲ್ಲ. ಅರ್ಧ ಧೋತರ ಜಾಲಿಗೆ ಒಪ್ಪಿಸಿ, ಒಂದು ಹರದಾರಿ ಬೆನ್ನಟ್ಟಿದ ಮೇಲೆ ಅವು ತುಂಬಿದ ಬಂಡಿ ಕದಲಿದಂತೆ ಮೇಲೆದ್ದು, ಜಿಲ್ಲೆಯ ಗಡಿಕಲ್ಲು ದಾಟಿ ನಾಂದೇಡಿನ ಕಡೆ ಇಳಿದವು. ಬಂಡಿ ಬಂದಾಗ ಅವನು ಕಲ್ಲಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

"ಬಂದೂಕ ವಾಪಸ್ ಜಮಾ ಮಾಡ್ರಿ ಸಾಬ," ಎಂದ.

ಸಂಜೆ ಸಾಹೇಬರು ಜೀಪಿನಿಂದ ಇಳಿದರು. ಧಾರವಾಡದ ಕಡೆಯವರು, ಬಡಕಲು ಮೈ, ಕೊರಳಲ್ಲಿ ದುರ್ಬೀನು. ಮಸಾಲೆಯ ವಾಸನೆಗೆ ಮೂಗು ಮುಚ್ಚಿಕೊಂಡು, ತಮಗೆ ಮಜ್ಜಿಗೆ ಸಾಕೆಂದರು. ವಿಲಾಯತಿಯಲ್ಲಿ ಈ ಹಕ್ಕಿಯ ದಾಯಾದಿಯನ್ನು ಕೊಂದು ಮುಗಿಸಿದ್ದಾರಂತೆ. ಅವರು ಅಲ್ಲಿ ಕಂಡದ್ದು ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿ ನಿಲ್ಲಿಸಿದ್ದನ್ನು. ಇಲ್ಲಿ ಹಾಗಾಗಬಾರದೆಂದು ಬೇಟೆ ನಿಷೇಧದ ಹುಕುಂ ಬರೆದು ತಂದಿದ್ದರು. ಹಕ್ಕಿಯನ್ನು ಕಣ್ಣಾರೆ ಕಂಡು ಸಹಿ ಹಾಕುವುದಷ್ಟೇ ಬಾಕಿ.

ಪೇಶಕಾರರು ಮಡೆಪ್ಪನನ್ನು ನೋಡಿದರು. ಮಡೆಪ್ಪ ತನ್ನ ಧೋತರ ನೋಡಿಕೊಂಡ.

ಮಡೆಪ್ಪ ದಾರಿ ತೋರಿಸಿದ. ಜೀಪು ಗಡಿಕಲ್ಲಿನ ಬಳಿ ನಿಂತಿತು. ದುರ್ಬೀನಿನಲ್ಲಿ ಮೂರೂ ಸ್ಪಷ್ಟವಾಗಿ ಕಂಡವು.

"ಎಷ್ಟ ಚಂದ ಅದಾವೋ," ಎಂದರು ಸಾಹೇಬರು. "ಆದರ ಈ ಕಲ್ಲಿನ ಆಚೆ ನನ್ನ ಹುಕುಂ ನಡಿಯೂದಿಲ್ಲಪಾ. ಯಾವಾಗರ ಈಚೆ ಬರತಾವೇನು?"

"ಮುಂಜಾನಿ ತನಕ ಈಚೆನೇ ಇದ್ದವ್ರಿ," ಎಂದ ಮಡೆಪ್ಪ.

ಆದರೂ ಹುಕುಮಿಗೆ ಅಲ್ಲೇ ಸಹಿ ಬಿತ್ತು. ಮುಂದಿನ ಆರು ರವಿವಾರ ಮಡೆಪ್ಪ ರುಮಾಲು ಬಿಚ್ಚಿಕೊಂಡು ಆಚೆಯಿಂದ ಈಚೆಗೆ ಬೆನ್ನಟ್ಟಿದ. ರುಮಾಲು ಕಂಡೊಡನೆ ಅವು ಇನ್ನಷ್ಟು ದೂರ ಹಾರುತ್ತಿದ್ದವು.

ಬೀದರ ಜಿಲ್ಲೆಯಲ್ಲಿ ಎರೆಭೂತದ ಬೇಟೆ ನಿಷಿದ್ಧವಾಯಿತು. ಔರಾದಿನಲ್ಲಿ ಎರೆಭೂತ ಇರಲಿಲ್ಲ.