ಹಿಂದಕ್ಕೆ ಬಾರದ ಟ್ರೇಲರು

ಬಲ್ಲವನಿಗೆ ಬಾರದ ವಿದ್ಯೆ ಒಂದೇ ಒಂದು ಉಳಿದಿದ್ದರೂ ಸಾಕು, ಅದು ಬಂದ ನೂರು ವಿದ್ಯೆಗಳ ತಲೆಯ ಮೇಲೆ ಕಾಲು ಚಾಚಿ ಕೂರುತ್ತದೆ. ಪಾನಾ ಮಾವನ ಗತಿ ಹಾಗಾಗಿತ್ತು.

ಎಚ್ಚರವಿದ್ದಷ್ಟು ಹೊತ್ತೂ ಕೈಯಲ್ಲೊಂದು ನಟ್ಟು ತಿರುಗಿಸುವ ಪಾನಾ ಹಿಡಿದೇ ಇರುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು ಅದು. ನಲವತ್ತು ವರ್ಷ ನೀರಿನ ಪಂಪು ರಿಪೇರಿ ಮಾಡಿದವನು. ಗುರು ಎಂಬುವನಿಲ್ಲ, ಬಿಚ್ಚಿ ಕಲಿತದ್ದು, ಜೋಡಿಸಿ ಕಲಿತದ್ದು. (ಜೋಡಿಸಿದ ಮೇಲೆ ಮಿಕ್ಕ ಸ್ಕ್ರೂಗಳನ್ನು ಯಾರೂ ನೋಡದಂತೆ ಜೇಬಿಗೆ ಹಾಕುವುದನ್ನೂ ಹಾಗೆಯೇ ಕಲಿತದ್ದು.) ಅಂಗಡಿ ಮುಚ್ಚಿದ ಮೇಲೆ ಸುಮ್ಮನೆ ಕೂರಲಾರದೆ ಹಳೆಯ ಜೀಪೊಂದನ್ನು ತಂದ. ದಪ್ಪ ಟೈರು ತೊಡಿಸಿದ. ಕೆಸರಲ್ಲಿ ಹೂತರೆ ತನ್ನನ್ನು ತಾನೇ ಎಳೆದುಕೊಳ್ಳಲಿ ಎಂದು ಮೂತಿಗೆ ಉಕ್ಕಿನ ಹಗ್ಗ ಸುತ್ತುವ ವಿಂಚು ಕಟ್ಟಿದ. ಬಾಲಕ್ಕೆಂದು ಎಂಟು ತಿಂಗಳು ಬೆವರು ಸುರಿಸಿ ಟ್ರೇಲರು ಮಾಡಿದ. ಬರೀ ಟ್ರೇಲರಲ್ಲ, ಸಂಚಾರಿ ಅರಮನೆ! ಎಡಗಡೆ ಎಳೆದರೆ ಒಲೆ, ಬಲಗಡೆ ಎಳೆದರೆ ಪಾತ್ರೆ, ಹೊಟ್ಟೆಯೊಳಗೆ ಅರವತ್ತು ಲೀಟರ್ ನೀರು, ನೆತ್ತಿಯ ಮೇಲೆ ಮಡಚಿಟ್ಟ ಡೇರೆ.

"ಎಲ್ಲಾ ಚೆನ್ನಾಗಿದೆ. ಓಡುತ್ತಾ?" ಅಂದಳು ಹೆಂಡತಿ.

ಓಡಿತು. ಮುಂದಕ್ಕೆ, ತಾಯಿ ಹಿಂದಿನ ಕರುವಿನಂತೆ ಓಡಿತು. ಹಿಂದಕ್ಕೆ ತಳ್ಳಿದಾಗ ಮಾತ್ರ ಅದರ ನಿಜಬುದ್ಧಿ ಹೊರಬಿತ್ತು. ಮಾವ ಬಲಕ್ಕೆ ತಿರುಗಿಸಿದರೆ ಅದು ಎಡಕ್ಕೆ. ಎಡಕ್ಕೆ ತಿರುಗಿಸಿದರೆ ಬಲಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಅದೇ. ಹೆಂಡತಿ ಮನೆಯಲ್ಲಿಲ್ಲದ ಹೊತ್ತು ನೋಡಿ ಹಿತ್ತಿಲಲ್ಲಿ ಹದಿನಾಲ್ಕು ಸಲ ಪ್ರಯತ್ನಿಸಿದ. ಹದಿನೈದನೆಯದಕ್ಕೆ ಬಟ್ಟೆ ಒಣಗಿಸುವ ಕಂಬ ಅಡ್ಡಬಿದ್ದು ಶರಣಾಯಿತು.

"ಕಂಬ ಹೇಗೆ ಬಿತ್ತು?"

"ಗಾಳಿಗೆ."

"ಬಟ್ಟೆ ಹಾರಿಲ್ಲ, ಕಂಬ ಬಿದ್ದಿದೆ. ಒಳ್ಳೇ ಗಾಳಿ."

ಇಷ್ಟೇ ಆಗಿದ್ದರೆ ಮನೆಯೊಳಗಿನ ಮಾತು ಮನೆಯೊಳಗೇ ಉಳಿಯುತ್ತಿತ್ತು. ಆದರೆ ಭಾನುವಾರ ಟ್ರೇಲರು ಕಟ್ಟಿಕೊಂಡು ಸುತ್ತಾಟಕ್ಕೆ ಹೊರಡುವ ಸುದ್ದಿ ಬೀಗರ ಕಿವಿಗೆ ಬಿತ್ತು. ಮಗಳ ಮಾವ, ವಾಹನ ಪರವಾನಗಿ ಕೊಡುವ ಕಚೇರಿಯಲ್ಲಿ ಪರೀಕ್ಷಕರಾಗಿ ನಿವೃತ್ತರಾದವರು. ಮೂವತ್ತು ವರ್ಷ ಜನರನ್ನು ಹಿಂದಕ್ಕೆ ಓಡಿಸಿ ನೋಡಿ ಫೇಲು ಮಾಡಿದವರು. ಸಂಬಂಧ ಮಾತಾಡಲು ಬಂದ ದಿನವೇ, ಮಾವ ಸ್ಕೂಟರು ನಿಲ್ಲಿಸಿದ್ದನ್ನು ನೋಡಿ, "ಗೆರೆಯಿಂದ ಒಂದಡಿ ಆಚೆ" ಅಂದಿದ್ದರು. ಐದು ವರ್ಷವಾದರೂ ಆ ಒಂದಡಿ ಮಾವನ ಎದೆಯೊಳಗೆ ಒಂದಿಂಚೂ ಕಡಿಮೆಯಾಗಿರಲಿಲ್ಲ.

"ಭಾನುವಾರ ನಾನೂ ಬರ್ತೀನಿ. ನಿಮ್ಮ ಪಕ್ಕದಲ್ಲೇ ಕೂತ್ಕೋತೀನಿ" ಅಂದರು ಬೀಗರು ಫೋನಿನಲ್ಲಿ.

ಮಾವನಿಗೆ ಊಟ ಸೇರಲಿಲ್ಲ. ಮೂರು ದಿನ ಸ್ಕೂಟರಿನಲ್ಲಿ ಸುತ್ತಿ ದಾರಿ ಹುಡುಕಿದ. ಎಲ್ಲಿಯೂ ಹಿಂದೆ ಸರಿಯಬೇಕಾಗದ ದಾರಿ! ಕೆರೆಯ ಪಕ್ಕದ ಬಂಡಿದಾರಿ ಸಿಕ್ಕಿತು. ಒಂದು ತುದಿಯಲ್ಲಿ ಹೊಕ್ಕು, ಕೆರೆ ಸುತ್ತಿ, ಇನ್ನೊಂದು ತುದಿಯಲ್ಲಿ ಹೊರಬೀಳಬಹುದು. ಅದನ್ನು ಕಾಗದದ ಮೇಲೆ ಬರೆದುಕೊಂಡು ಮಂತ್ರದಂತೆ ಉರುಹೊಡೆದ.

ಭಾನುವಾರ ಹೊರಟಿತು ದಂಡಯಾತ್ರೆ. ಮುಂದೆ ಮಾವ, ಪಕ್ಕದಲ್ಲಿ ಬೀಗರು, ಹಿಂದಿನ ಸೀಟಿನಲ್ಲಿ ಹೆಂಡತಿ. ನಾಲ್ಕು ಮೈಲಿ ಹೋದ ಮೇಲೆ ಹೆಂಡತಿ ಕೂಗಿದಳು: "ಅಯ್ಯೋ, ಬೆಂಕಿಪೊಟ್ಟಣ ಮರೆತೆ! ಅಂಗಡಿ ಈಗಷ್ಟೇ ದಾಟಿತು, ಸ್ವಲ್ಪ ಹಿಂದೆ ತಗೊಳ್ಳಿ."

"ಇಟ್ಟ ಹೆಜ್ಜೆ ಹಿಂದಕ್ಕೆ ಇಡಬಾರದು ಕಣೇ."

"ಹೆಜ್ಜೆ ಅಲ್ಲ ರೀ, ಜೀಪು."

"ಒಲೆ ಹಚ್ಚೋದು ಹೇಗೆ ಮತ್ತೆ?" ಬೀಗರು ಕೇಳಿದರು.

ಮಾವ ಎಡಕ್ಕೆ, ಎಡಕ್ಕೆ, ಮತ್ತೆ ಎಡಕ್ಕೆ ಎಂದು ಅರ್ಧ ಊರಿಗೆ ಪ್ರದಕ್ಷಿಣೆ ಹಾಕಿ, ಅದೇ ಅಂಗಡಿಯ ಮುಂದೆ ಮುಂದಕ್ಕೇ ಬಂದು ನಿಂತ. ಬೀಗರು ಹಲ್ಲಿಯಂತೆ ಒಮ್ಮೆ ಲೊಚಗುಟ್ಟಿದರು.

ಕೆರೆಯ ದಾರಿ ಹೊಕ್ಕಾಗ ಜೀವ ಬಂದಂತಾಯಿತು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಆಳದ ಚರಂಡಿ, ನಡುವೆ ಜೀಪಿನಗಲದ ಮಣ್ಣುದಾರಿ. ಮಾವ ಸಿಳ್ಳೆ ಕೂಡ ಹಾಕಿದ. ತಿರುವು ದಾಟಿದ್ದೇ ತಡ, ಸಿಳ್ಳೆ ತುಟಿಯಲ್ಲೇ ಒಣಗಿತು. ದಾರಿಗೆ ಅಡ್ಡಲಾಗಿ ಆಳೆತ್ತರದ ಜಲ್ಲಿ ರಾಶಿ. ದಾರಿ ನೋಡಲು ಬಂದ ಗುರುವಾರ ಇರಲಿಲ್ಲ, ಈಗ ಇದೆ.

"ಏನಂತೆ, ಆ ಅಗಲವಾದ ಜಾಗದವರೆಗೆ ರಿವರ್ಸ್ ತಗೊಳ್ಳಿ. ಮೂವತ್ತು ಗಜ" ಅಂದರು ಬೀಗರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಕಚೇರಿಯ ಹಳೆಯ ಅಭ್ಯಾಸ.

"ಟ್ರೇಲರು ಬಿಚ್ಚಿ ಕೈಯಲ್ಲೇ ತಳ್ಳಿದರೆ..."

"ಅರವತ್ತು ಲೀಟರ್ ನೀರು, ನಿಮ್ಮ ಅರಮನೆ! ನನ್ನ ಸೊಂಟ ಮುರಿಯೋಕಾ?"

ಮೂತಿಯ ವಿಂಚು ಪಾಪ, ಮುಂದಕ್ಕಷ್ಟೇ ಎಳೆಯುವಂಥದ್ದು. ಬೇರೆ ಗತಿಯಿಲ್ಲದೆ ಮಾವ ರಿವರ್ಸ್ ಗೇರು ಹಾಕಿದ. ಟ್ರೇಲರು ಸೀದಾ ನೀರಿನ ಕಡೆ ಹೊರಳಿತು. ಮುಂದೆ ಬಂದ. ಮತ್ತೆ ಹಿಂದೆ. ಈ ಸಲ ಚರಂಡಿಯ ಕಡೆ. ಮೂರನೆಯ ಸಲ ಪಾತ್ರೆಯ ಡ್ರಾಯರು ಬಾಯಿ ತೆರೆದು ನಾಲ್ಕು ಚಮಚಗಳನ್ನು ಉಗಿಯಿತು. ಒಂದು ಚಕ್ರ ಅಂಚಿನಿಂದ ಎರಡೇ ಬೆರಳು ದೂರ. ಎಂಟು ತಿಂಗಳ ದುಡಿಮೆ, ನಲವತ್ತು ವರ್ಷದ ಹೆಸರು ಎರಡೂ ಆ ಎರಡು ಬೆರಳಿನ ಮೇಲೆ ನಿಂತಿದ್ದವು. ಪಕ್ಕದಲ್ಲಿ ಲೊಚ, ಲೊಚ.

ಹೆಂಡತಿ ಇಳಿದಳು. ಸೆರಗು ಸಿಕ್ಕಿಸಿ, ಹಿಂದೆ ಹೋಗಿ ಟ್ರೇಲರನ್ನು ಒಂದು ಸಲ ಅಡಿಯಿಂದ ಮುಡಿಯವರೆಗೆ ನೋಡಿದಳು. ಆಮೇಲೆ ಮಾವನ ಕಿಟಕಿಗೆ ಬಂದಳು.

"ಅದು ಎಲ್ಲಿಗೆ ಹೋಗಬೇಕು?"

"ಎಡಕ್ಕೆ."

"ಹಾಗಾದರೆ ಬಲಕ್ಕೆ ತಿರುಗಿಸಿ. ಸ್ವಲ್ಪವೇ. ಜೋರು ಮಾಡಬೇಡಿ, ಮುನಿಸಿಕೊಂಡು ಅಡ್ಡ ನಿಲ್ಲುತ್ತೆ. ಹಾಂ. ತಿರುಗಿತಾ? ಈಗ ಅದು ಹೋದ ಕಡೆಗೇ ನೀವೂ ಹೋಗಿ, ಅದರದ್ದೇ ಯೋಚನೆ ಅಂದ್ಕೊಳ್ಳಲಿ."

ಮೂವತ್ತು ಗಜ. ಚಕ್ರ ಒಂದು ಹುಲ್ಲುಕಡ್ಡಿಯನ್ನೂ ತುಳಿಯದೆ ಹಿಂದೆ ಸರಿದು ಅಗಲವಾದ ಜಾಗದಲ್ಲಿ ನಿಂತಿತು. ಬೀಗರು ಕೆಳಗಿಳಿದು ಕೈಮುಗಿದರು.

"ಬೀಗಿತ್ತಿ, ಮೂವತ್ತು ವರ್ಷದಲ್ಲಿ ಇಂಥ ರಿವರ್ಸ್ ನೋಡಿಲ್ಲ. ನಿಮಗೆ ಡ್ರೈವಿಂಗ್ ಬರುತ್ತಾ?"

"ಇಲ್ಲಪ್ಪ, ಸ್ಟೀರಿಂಗ್ ಮುಟ್ಟಿದವಳೇ ಅಲ್ಲ."

"ಮತ್ತೆ ಎಲ್ಲಿ ಕಲಿತಿರಿ?"

"ನಲವತ್ತೆರಡು ವರ್ಷದಿಂದ ಇವರನ್ನ ನಡೆಸಿಕೊಂಡು ಬಂದಿದ್ದೇ ಹೀಗೆ. ಎಡಕ್ಕೆ ಹೋಗಲಿ ಅಂದರೆ ಬಲಕ್ಕೆ ಅಂತೀನಿ. ಎಡಕ್ಕೇ ಹೋಗ್ತಾರೆ" ಎಂದು ಅವಳು ಚಮಚ ಆರಿಸಲು ಹೋದಳು.

ಬೀಗರು ಹೊಟ್ಟೆ ಹಿಡಿದು ನಕ್ಕರು. ಮಾವ ನಗಲಿಲ್ಲ. ಅವನು ಲೆಕ್ಕ ಹಾಕುತ್ತಿದ್ದ. ಪಂಪಿನ ಅಂಗಡಿ ಬೇಡ ಅಂದಿದ್ದಳು, ಇಟ್ಟ. ಆ ಬೀದಿಯ ಮನೆ ಬೇಡ ಅಂದಿದ್ದಳು, ಕೊಂಡ. ಜೀಪಂತೂ ಖಂಡಿತ ಬೇಡ ಅಂದಿದ್ದಳು...

"ರೀ, ಡೇರೆ ಆ ಮರದ ಕೆಳಗೆ ಹಾಕಿ. ನೆರಳಿದೆ."

ಮಾವ ಗೂಟ, ಸುತ್ತಿಗೆ ಹಿಡಿದು ಅಭ್ಯಾಸದಂತೆ ಬಯಲಿನ ಕಡೆ ನಾಲ್ಕು ಹೆಜ್ಜೆ ಇಟ್ಟ. ನಿಂತ. ತಿರುಗಿ ಮರದ ಕಡೆ ಎರಡು ಹೆಜ್ಜೆ ಇಟ್ಟ. ಮತ್ತೆ ನಿಂತ.

"ಯಾಕೆ ನಿಂತಿರಿ?"

"ನಿಜ ಹೇಳೇ, ನಿನಗೆ ಎಲ್ಲಿ ಬೇಕು?"

"ಮರದ ಕೆಳಗೆ ಅಂದೆನಲ್ಲ."

"ಅದೇ ನನಗೆ ಭಯ" ಅಂದ ಪಾನಾ ಮಾವ. ಅವನ ಒಂದು ಕಾಲು ನೆರಳಿನಲ್ಲಿತ್ತು, ಇನ್ನೊಂದು ಬಿಸಿಲಿನಲ್ಲಿ.